ಐದನೇ ಸುತ್ತಿಗೆ ಏಳಬೇಡ

ಇಳಿದ ಮೇಲಿನ ಇನ್ನೂರ ಹತ್ತನೇ ವರ್ಷ, ಹದಿನಾಲ್ಕನೇ ತಿಂಗಳು, ಮೂವತ್ತೇಳನೇ ದಿನ
ಕೋಲಾರದ ಹಳೆಯ ಗಣಿ, ಮೂವತ್ತೆರಡನೇ ಮಟ್ಟ

ರಾಬರ್ಟ್‌ಸನ್‌ಪೇಟೆಯ ಬಾಕ್ಸರ್ ಅರುಳ್‌ದಾಸನಿಗೆ,

ಈ ತಾರೀಖು ನಿನಗೆ ಅರ್ಥವಾಗದು, ನನ್ನ ಕೆಲವು ಮಾತುಗಳೂ ಆಗಲಿಕ್ಕಿಲ್ಲ, ಕ್ಷಮಿಸು. ಮೇಲಿನ ಬಿಸಿಲು ತಾಳಲಾರದೆ ಜನ ನಿಮ್ಮೂರಿನ ಚಿನ್ನದ ಗಣಿಯೊಳಕ್ಕೆ ಇಳಿದ ದಿನದಿಂದ ನಾವು ವರ್ಷ ಎಣಿಸುತ್ತೇವೆ. ನಿನ್ನನ್ನು ಏಕವಚನದಲ್ಲೇ ಕರೆಯುತ್ತೇನೆ; ನೀನು ಸತ್ತು ಮುನ್ನೂರು ವರ್ಷವಾಗುತ್ತ ಬಂತು, ಸತ್ತವರಿಗೆ ನಮ್ಮಲ್ಲಿ ಬಹುವಚನವಿಲ್ಲ. ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಒಬ್ಬೊಬ್ಬರಿಗೆ ಜನ್ಮಕ್ಕೊಂದೇ ಕಾಗದ. ಒಂದೊಂದು ಸಾಲೂ ಬರೆದ ಕ್ಷಣವೇ ಹೊರಟುಬಿಡುತ್ತದೆ, ಅಳಿಸಲು ಬರುವುದಿಲ್ಲ. ಅದರಿಂದ ಏನಾದರೂ ಬದಲಾದರೆ ಬರೆದವನಿಗೆ ಮಾತ್ರ ಹಳೆಯದೂ ನೆನಪಿರುತ್ತದೆ. ಹೆಚ್ಚಿನವರು ಅದನ್ನು ತೀರಿಕೊಂಡ ತಾಯಿಗೆ ಬರೆಯುತ್ತಾರೆ. ನಾನು ನಿನ್ನಂಥವನಿಗೆ ಹಾಳುಮಾಡುತ್ತಿದ್ದೇನೆ.

ಇಲ್ಲಿ ನಮಗೆ ಆಕಾಶವಿಲ್ಲ, ನೋಡಲು ಹೊಸದೇನೂ ಇಲ್ಲ. ಇರುವುದು ನಿಮ್ಮ ಕಾಲದ ಬಾಕ್ಸಿಂಗ್ ಚಿತ್ರಗಳು. ದೀಪದ ಕೆಳಗೆ ತಟ್ಟೆಗಳಲ್ಲಿ ಬೆಳೆದ ರಾಗಿಯ ಮುದ್ದೆ ನುಂಗುತ್ತ, ಒದ್ದೆ ಗೋಣಿ ಹೊದಿಸಿದ ಗೋಡೆಗೆ ಬೆನ್ನು ಕೊಟ್ಟು, ಅವನ್ನೇ ನೋಡುತ್ತೇವೆ. ಹನ್ನೆರಡು ವರ್ಷಕ್ಕೊಮ್ಮೆ ಶ್ರೇಣಿಮನೆಯವರು ನಿಮ್ಮ ಕಾಲದ ನೂರು ಮಹಾ ಬಾಕ್ಸರ್‌ಗಳ ಪಟ್ಟಿ ಹೊರಡಿಸುತ್ತಾರೆ. ಮಕ್ಕಳಿಗೆ ಹೆಸರಿಡುವುದು ಆ ಪಟ್ಟಿ ನೋಡಿ, ಸಂಬಂಧ ಕುದುರುವುದೂ ಮುರಿಯುವುದೂ ಅದರಿಂದಲೇ. ಪಟ್ಟಿ ಬರೆಯುವವನು ನಾನು, ಮುನಿಯಲ್ಲಪ್ಪ. ನಿಮ್ಮ ಕಾಲದ ಜನ ನೀವು, ಗೆದ್ದ ಪಂದ್ಯ ಎಣಿಸಿ, ಬೆಲ್ಟು ಎಣಿಸಿ, ಟೀ ಅಂಗಡಿಯಲ್ಲಿ ಕೂತು ಯಾರು ದೊಡ್ಡವನೆಂದು ಗಂಟಲು ಹರಿದುಕೊಳ್ಳುತ್ತೀರಿ. ಹಾಗೆ ಅರಚುವವರಲ್ಲಿ ಒಬ್ಬನ ಮೂಗಿಗೂ ಒಂದು ಗುದ್ದು ಬಿದ್ದಿರುವುದಿಲ್ಲ. ನಮ್ಮಲ್ಲಿ ಅದು ನಡೆಯದು. ಏಟು ತಿನ್ನದ ಮನೆಯವರಿಗೆ ಶ್ರೇಣಿ ಕೊಡುವ ಹಕ್ಕಿಲ್ಲ.

ಅದಕ್ಕಾಗಿ ತಾಳುಪೀಠ ಎಂಬ ಕುರ್ಚಿಯಿದೆ. ಚಿತ್ರದಲ್ಲಿ ಬಿದ್ದ ಪ್ರತಿ ಏಟನ್ನೂ ಅದು ಕೂತವರ ಮೈಗೆ, ಅದೇ ಜಾಗಕ್ಕೆ, ಅದೇ ಬಿರುಸಿನಲ್ಲಿ ದಾಟಿಸುತ್ತದೆ. ಬರೆಯುವವನು ಅದರಲ್ಲಿ ಕೂರುವಂತಿಲ್ಲ, ಅವನ ಕೈ ನಡುಗಬಾರದು. ಅವನ ಒಡಹುಟ್ಟಿದವರು ಕೂರುತ್ತಾರೆ. ನನಗಿರುವವಳು ಒಬ್ಬಳೇ, ಅಕ್ಕ ಮುನಿಲಕ್ಷ್ಮಿ. ಅವಳಿಗೀಗ ಐವತ್ತೊಂದು. ಎಡಗಿವಿ ಕೇಳುವುದಿಲ್ಲ, ಅದು ಪಟ್ಟಿಯಲ್ಲಿ ಹದಿನೇಳನೆಯವನ ಹುಕ್ ಗುದ್ದಿನ ಫಲ. ಉಪ್ಪು ಹಾಕಿದ್ದು ಮರೆತು ಸಾರಿಗೆ ಮೂರು ಸಲ ಹಾಕುತ್ತಾಳೆ, ಅದು ನಾಲ್ಕನೆಯವನ ಕೆಲಸ. ಆ ಸಾರು ಉಂಡು ಕೈತೊಳೆದು ಹೋಗಿ ನಾನು ಅವನಿಗೆ ಅಂಕ ಕೊಟ್ಟಿದ್ದೇನೆ.

ಈ ಸಲ ಮೊದಲ ಸ್ಥಾನಕ್ಕೆ ಉಳಿದವರು ಇಬ್ಬರು: ನೀನು ಮತ್ತು ಮೆಕ್ಸಿಕೋದ ಎಸ್ತೇಬಾನ್ ಕಾರೋ. ಮೇಲಿನ ಮಟ್ಟದವರು ನಿನ್ನ ಕಡೆ, ಕೆಳಗಿನವರು ಅವನ ಕಡೆ. ಯಾರ ಹೆಸರು ಬರೆದರೂ ಇನ್ನೊಂದು ಕಡೆಯವರು ನಮ್ಮ ಮನೆಗೆ ನೀರು ನಿಲ್ಲಿಸುತ್ತಿದ್ದರು. ಹೆದರಿಕೊಂಡು ಇಬ್ಬರೂ ಸಮ ಎಂದು ಬರೆದೆ, ಭಾರೀ ಜಾಣತನ ಮಾಡಿದೆನೆಂದು ಬೀಗಿದೆ. ಸಮ ಎಂದು ಬರೆದರೆ, ಆ ಇಬ್ಬರು ಎದುರಾದ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಮೈ ತಾಳಬೇಕು, ಇಬ್ಬರ ಏಟನ್ನೂ ತಾಳಬೇಕು ಎಂಬ ಕಟ್ಟಳೆಯಿದೆ. ಸಮ ಎಂದದ್ದನ್ನು ತಿದ್ದಿ ಒಬ್ಬನ ಹೆಸರು ಹೊರಡಿಸಬಹುದಾದದ್ದು ತಾಳಿ ಮುಗಿದ ಮೇಲೆಯೇ. ತೊಂಬತ್ತು ವರ್ಷದಿಂದ ಯಾರೂ ಸಮ ಎಂದು ಬರೆದಿರಲಿಲ್ಲ. ಯಾಕೆ ಬರೆದಿರಲಿಲ್ಲವೆಂದು ನಾನು ಯೋಚಿಸಲಿಲ್ಲ. ಸುದ್ದಿ ತಿಳಿದಾಗ ಅಕ್ಕ ಮುದ್ದೆ ಕಟ್ಟುತ್ತಿದ್ದಳು. “ಒಬ್ಬನ ಹೆಸ್ರು ಗೀಚಿದ್ರೆ ಮುಗೀತಿತ್ತಲ್ಲೋ,” ಎಂದಳು. “ನೀರು ನಿಲ್ಸಿದ್ರೆ ನಾನೇ ಎಲ್ಲಿಂದಾದ್ರೂ ಹೊತ್ಕೊಂಡ್ ಬರ್ತಿದ್ದೆ.” ಬೈಯಲಿಲ್ಲ. ಬೈದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲವೇನೋ.

ಆ ಪಂದ್ಯವನ್ನು ನೀನಿನ್ನೂ ಆಡಿಲ್ಲ, ಬರುವ ಅಕ್ಟೋಬರಿನಲ್ಲಿ ಆಡುತ್ತೀಯೆ. ನಾನು ನಲವತ್ತು ಸಲ ನೋಡಿದ್ದೇನೆ. ಮೊದಲ ನಾಲ್ಕು ಸುತ್ತು ಇಬ್ಬರೂ ಮದುವೆ ಮನೆಯ ಬೀಗರ ಹಾಗೆ ಒಬ್ಬರಿಗೊಬ್ಬರು ದಾರಿ ಬಿಡುತ್ತೀರಿ. ಐದರಿಂದ ಹನ್ನೆರಡರವರೆಗೆ ನಿಮಗೆ ಏನು ಹಿಡಿಯುತ್ತದೋ. ನಿನ್ನ ಮುನ್ನೂರ ನಲವತ್ತು ಏಟು ಬೀಳುತ್ತವೆ, ಅವನ ಮುನ್ನೂರ ಹನ್ನೊಂದು. ಗೆಲ್ಲುವವನು ನೀನೇ, ಒಂದೇ ಅಂಕದಿಂದ, ಅದೂ ತಕರಾರಿನಲ್ಲಿ. ಆಮೇಲೆ ಕಾರೋ ಜೀವನವಿಡೀ ಅಂಗಿಯ ಗುಂಡಿ ಹಾಕಿಸಿಕೊಳ್ಳಲು ಹೆಂಡತಿಯನ್ನು ಕರೆಯುತ್ತಾನೆ. ನೀನು ನಲವತ್ತೆರಡನೇ ವಯಸ್ಸಿಗೆ ನಿನ್ನ ಮಗಳನ್ನೇ ಯಾರಮ್ಮ ನೀನು ಎಂದು ಕೇಳುತ್ತೀಯೆ. ನಿಮ್ಮಿಬ್ಬರ ಮೇಲೂ ನನಗೆ ಕನಿಕರವಿಲ್ಲ. ಅದು ನೀವಾಗಿ ಆರಿಸಿಕೊಂಡದ್ದು, ಜನ ಚಪ್ಪಾಳೆಯನ್ನೂ ತಟ್ಟಿದರು. ಅಕ್ಕ ಆರಿಸಿಕೊಂಡಿಲ್ಲ. ಆ ಎಂಟು ಸುತ್ತು ತಾಳಿದ ಮೇಲೆ ಅವಳಲ್ಲಿ ಏನೂ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ.

ಕೇಳುವುದು ಇಷ್ಟೇ. ನಾಲ್ಕನೇ ಸುತ್ತು ಮುಗಿದ ಮೇಲೆ ಸ್ಟೂಲಿನಿಂದ ಏಳಬೇಡ. ನಿನ್ನನ್ನು ಹೇಡಿ ಎನ್ನುತ್ತಾರೆ, ನಿನ್ನ ಪೋಸ್ಟರಿಗೆ ಸೆಗಣಿ ಬಳಿಯುತ್ತಾರೆ, ನಮ್ಮ ಪಟ್ಟಿಯ ನೂರರೊಳಗೆ ನಿನಗೆ ಜಾಗವಿರುವುದಿಲ್ಲ. ಮಗಳ ಗುರುತು ಮಾತ್ರ ಉಳಿಯುತ್ತದೆ. ಆಗ ಇಲ್ಲಿ ಸಮ ಎಂಬ ಮಾತೇ ಏಳುವುದಿಲ್ಲ, ಅಕ್ಕ ಕುರ್ಚಿಯಲ್ಲಿ ಕೂರಬೇಕಾಗಿಲ್ಲ. ಪೆನ್ನು ಕೆಳಗಿಟ್ಟು ಚಿತ್ರ ನೋಡಿ ಬರುತ್ತೇನೆ. ಈ ಸಾಲುಗಳು ಈಗಾಗಲೇ ನಿನ್ನ ಕೈಯಲ್ಲಿರಬೇಕು.

ನೋಡಿ ಬಂದೆ. ಕಾಗದ ತಲುಪಿದೆ. ನಲವತ್ತು ಸಲವೂ ನೀನು ಅಲ್ಲಿ ನೀರು ಉಗುಳಿ ತಟ್ಟನೆ ಎದ್ದಿದ್ದೆ. ಈಗ ಗಂಟೆ ಹೊಡೆದರೂ ಏಳಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ನೀನು ಕ್ಯಾಮೆರಾ ಕಡೆ ತಿರುಗಿ, ಎರಡೂ ಗ್ಲೌಸು ಜೋಡಿಸಿ ಕೈಮುಗಿದೆ. ಮುಗಿದು ಎದ್ದೆ. ಹನ್ನೆರಡು ಸುತ್ತೂ ಇವೆ. ನಿನ್ನ ಏಟುಗಳು ಈಗ ಮುನ್ನೂರ ನಲವತ್ತಲ್ಲ, ನಾನೂರ ಆರು. ಮುನ್ನೂರು ವರ್ಷದಾಚೆಯೂ ತನ್ನನ್ನು ನೋಡುತ್ತಿರುತ್ತಾರೆಂದು ಗೊತ್ತಾದವನು ಸುಮ್ಮನೆ ಹೇಗೆ ಕೂತಾನು. ಗೊತ್ತುಮಾಡಿದವನು ನಾನೇ.

ಅಕ್ಕನನ್ನು ಕರೆದಿದ್ದಾರೆ. ಅವಳ ತೋಳಿಗೆ ಕುರ್ಚಿಯ ಕಟ್ಟುಪಟ್ಟಿ ಬಿಗಿಯುವುದು ಬರೆಯುವವನ ಕೆಲಸ, ಹೋಗಬೇಕು. ಮೊದಲ ಸ್ಥಾನ ನಿನ್ನದೇ, ಅರುಳ್‌ದಾಸ, ಈಗಲೇ ಬರೆದಿಟ್ಟಿದ್ದೇನೆ. ಪಂದ್ಯ ಮುಗಿದ ಮೇಲೆ ನನಗೆ ಬಿಡುವಿರುವುದಿಲ್ಲ, ನಾನು ಯಾರೆಂದು ಅವಳಿಗೆ ಹೇಳಿಕೊಡಬೇಕು.