ಗೋಡೆಯ ಮೇಲೆ ಇಲ್ಲದ ವಿಳಾಸ

ಮಾನ್ಯ ಆರೋಗ್ಯ ಪ್ರಚಾರ ಅಧಿಕಾರಿಗಳೇ,

ಸರ್ಕಾರಿ ಗೋಡೆಯ ಬರಹವನ್ನು ಅಳಿಸಿ, ಅಪ್ಪಣೆಯಿಲ್ಲದೆ ಬೇರೆ ಬರಹ ಬರೆದಿದ್ದಕ್ಕೆ ನನ್ನ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ಕೇಳಿ ನೀವು ಕಳಿಸಿದ ನೋಟಿಸು ತಲುಪಿತು. ಬಹಳ ಬೇಗ ತಲುಪಿತು. ಅದೇ ಗೋಡೆಯ ಬಗ್ಗೆ ನಿಮ್ಮ ಕಚೇರಿಗೆ ಬಂದು ನಾನು ಕೇಳಿದ ಪ್ರಶ್ನೆಗೆ ಮಾತ್ರ ಇಂದಿಗೂ ಉತ್ತರ ಬಂದಿಲ್ಲ. ಆದ್ದರಿಂದ ನೋಟಿಸಿನ ಉತ್ತರವನ್ನು ಪತ್ರಿಕೆಗೇ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ಆ ಗೋಡೆಯ ಮುಂದೆ ಬಸ್ಸಿಗೆ ಕಾಯುವವರು ಓದುತ್ತಾರೆ.

ನಾನು ಯಾರೆಂದು ಮರೆತಿರಬಹುದು. ಹಳೇ ಬಸ್ ನಿಲ್ದಾಣದ ಹತ್ತಿರ, ಸಿಟಿ ಬಸ್ಸಿನ ಸ್ಟಾಪಿನ ಹಿಂದೆ ಇರುವ ಉದ್ದನೆಯ ಕಂಪೌಂಡ್ ಗೋಡೆಯ ಮೇಲೆ ನಿಮ್ಮ ಏಡ್ಸ್ ಜಾಗೃತಿಯ ಬರಹ ಬರೆದ ಪೇಂಟರ್ ನಾನೇ. ನೀವು ಕೊಟ್ಟ ಒಕ್ಕಣೆಯನ್ನು ಒಂದಕ್ಷರ ಬಿಡದೆ ಬರೆದೆ. ಮೇಲೆ ತಲೆಬುರುಡೆ, ಅದರ ಕೆಳಗೆ ಅಡ್ಡಡ್ಡ ಎರಡು ಎಲುಬು, ಕೆಂಪಿನಲ್ಲಿ 'ಏಡ್ಸ್ ಮಹಾಮಾರಿ'. ಆಮೇಲೆ ಲಕ್ಷಣಗಳು: ತೂಕ ಇಳಿಯುವುದು, ಬಿಡದ ಜ್ವರ, ಭೇದಿ, ನಾಲಿಗೆಯ ಮೇಲೆ ಬಿಳಿ ಮಚ್ಚೆ. ಕೊನೆಗೆ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, 'ಬಂದರೆ ಸಾವು ಖಚಿತ'. ಬುರುಡೆಯ ಹಲ್ಲು ಇನ್ನೂ ಸ್ವಲ್ಪ ದೊಡ್ಡದಿರಲಿ ಎಂದು ನೀವೇ ಜೀಪಿನಿಂದ ಇಳಿದು ಬಂದು ಹೇಳಿದ್ದು ನೆನಪಿದೆ. ಹಲ್ಲು ದೊಡ್ಡದು ಮಾಡಿದೆ. ಕೆಲಸ ಮುಗಿದ ಮೇಲೆ, ನಮ್ಮ ಕಸುಬಿನವರೆಲ್ಲ ಮಾಡುವಂತೆ, ಬಲಗಡೆಯ ಮೂಲೆಯಲ್ಲಿ ಸಣ್ಣಗೆ ರುಜು ಹಾಕಿದೆ: ಕಮರ್ ಆರ್ಟ್ಸ್, ದುರ್ಗದಬೈಲ್.

ತೊಂದರೆ ಶುರುವಾದದ್ದು ಅಲ್ಲಿಂದ. ಅಷ್ಟು ದೊಡ್ಡ ಗೋಡೆಯ ಮೇಲೆ ಹೆದರಿಕೊಳ್ಳಲು ಬೇಕಾದದ್ದೆಲ್ಲ ಇತ್ತು. ಹೆದರಿದವನು ಎಲ್ಲಿಗೆ ಹೋಗಬೇಕು ಎಂಬುದು ಮಾತ್ರ ಇರಲಿಲ್ಲ. ಇದ್ದ ವಿಳಾಸ ಒಂದೇ, ಅದು ನನ್ನದು. ಹೀಗಾಗಿ ಜನ ನನ್ನ ಅಂಗಡಿಗೆ ಬರತೊಡಗಿದರು. ಬೋರ್ಡು ಬರೆಸುವವರ ಹಾಗೆ ಬಂದು, ಬೇರೆ ಗಿರಾಕಿ ಹೋಗುವ ತನಕ ಬಣ್ಣದ ಡಬ್ಬಿಗಳನ್ನು ನೋಡುತ್ತ ನಿಂತು, ಆಮೇಲೆ ಬಾಯಿ ಬಿಡುತ್ತಿದ್ದರು. ಗಾಡಿಗಳ ನಂಬರ್ ಪ್ಲೇಟು ಬರೆಯುವವನನ್ನು ನಿಮ್ಮ ಗೋಡೆ ಡಾಕ್ಟರನನ್ನಾಗಿ ಮಾಡಿತು. ಈ ಬಡ್ತಿಗಾಗಿ ನಾನು ಇಲಾಖೆಗೆ ಋಣಿಯಾಗಿದ್ದೇನೆ.

ಅವರಲ್ಲಿ ಒಬ್ಬನ ಕಥೆಯನ್ನು ಅವನ ಒಪ್ಪಿಗೆ ಪಡೆದೇ ಹೇಳುತ್ತೇನೆ. ಹೆಸರು ಪರಮೇಶ ಎಂದಿಟ್ಟುಕೊಳ್ಳಿ, ನಿಜವಾದ ಹೆಸರು ನಿಮಗೆ ಬೇಕಾಗಿಲ್ಲ. ಬಟ್ಟೆ ಅಂಗಡಿಯಲ್ಲಿ ಕೆಲಸ. ಮಾಲು ತರಲು ಪರ ಊರಿಗೆ ಹೋದಾಗ ಲಾಡ್ಜಿನಲ್ಲಿ ಒಬ್ಬ ಹೆಂಗಸಿನ ಜೊತೆ ಮಲಗಿದ್ದ, ನಿರೋಧ್ ಇಲ್ಲದೆ. ಮರಳಿ ಬಂದ ಕೆಲವು ವಾರಕ್ಕೆ ಜ್ವರ ಬಂತು. ಆ ತಿಂಗಳು ಹುಬ್ಬಳ್ಳಿಯಲ್ಲಿ ಅರ್ಧ ಊರಿಗೆ ಜ್ವರವಿತ್ತು. ಆದರೆ ಅವನು ದಿನಾ ಬಸ್ಸಿಗೆ ಕಾಯುತ್ತಿದ್ದದ್ದು ನಮ್ಮ ಗೋಡೆಯ ಮುಂದೆ. ಓದಿದ. ಮರುದಿನವೂ ಓದಿದ. ಊಟ ಸೇರದಾಯಿತು. ಊಟ ಬಿಟ್ಟಿದ್ದಕ್ಕೆ ತೂಕ ಇಳಿಯಿತು, ತೂಕ ಇಳಿಯುವುದು ಗೋಡೆಯ ಮೇಲೆ ಮೊದಲನೆಯ ಲಕ್ಷಣ. ಹೆದರಿಕೆಗೆ ಹೊಟ್ಟೆ ಕೆಟ್ಟಿತು, ಅದೂ ಗೋಡೆಯ ಮೇಲಿತ್ತು. ಇದರ ನಡುವೆ ಅವನ ಮದುವೆ ಗೊತ್ತಾಗಿತ್ತು. ಪಾಪ, ಆ ಹುಡುಗಿಗೆ ಇದು ಯಾವುದೂ ತಿಳಿದಿರಲಿಲ್ಲ.

ನನ್ನ ಅಂಗಡಿಗೆ ಬಂದು ಅವನು ಆಡಿದ ಮೊದಲ ಮಾತು ಇದು: "ಕಾಕಾ, ನಾಲಿಗಿ ಮ್ಯಾಲೆ ಬಿಳೇ ಮಚ್ಚಿ ಅಂತ ಬರದೀರಲ್ರಿ, ಅದು ಎಂಥಾ ಬಿಳೇದು ಇರ್ತೈತ್ರಿ?"

ಬಣ್ಣದಲ್ಲೇ ಕೈಯಾಡಿಸಿ ತಲೆ ಹಣ್ಣಾದವನು ನಾನು. ಸುಣ್ಣದ ಬಿಳುಪು, ಹಾಲಿನ ಬಿಳುಪು, ಎನಾಮೆಲ್ಲಿನ ಬಿಳುಪು, ಎಲ್ಲ ಬಲ್ಲೆ. ಆ ಹುಡುಗ ಕನ್ನಡಿಯ ಮುಂದೆ ನಿಂತು ನಾಲಿಗೆಯನ್ನು ಉಜ್ಜಿ ಉಜ್ಜಿ ರಕ್ತ ಬರಿಸಿಕೊಂಡಿದ್ದ. ಬಿಸಿಲಿಗೆ ಮುಖ ಮಾಡಿ ಬಾಯಿ ತೆರೆದು ನನ್ನ ಮುಂದೆ ನಿಂತಾಗ ನನಗೆ ಕಂಡದ್ದು ಕೆಂಪು ಮಾತ್ರ.

ಅದೇ ದಿನ ನಿಮ್ಮ ಕಚೇರಿಗೆ ಬಂದೆ. ಪರೀಕ್ಷೆ ಎಲ್ಲಿ ಮಾಡುತ್ತಾರೆ, ಯಾವಾಗ ಮಾಡಿಸಬೇಕು, ಗೋಡೆಯ ಮೇಲೆ ಅದರದೊಂದು ಸಾಲು ಸೇರಿಸಲೇ ಎಂದು ಕೇಳಿದೆ. ನೀವು ಫೈಲಿನಿಂದ ತಲೆಯೆತ್ತದೆ, "ಒಕ್ಕಣಿ ಮ್ಯಾಲಿಂದ ಬಂದದ್ದು. ಬರಿಯೂದಷ್ಟ ನಿಮ್ಮ ಕೆಲಸ" ಎಂದಿರಿ. ಇರಲಿ. ಮೇಲಿನವರಿಗೆ ನಮ್ಮ ಬಸ್ ಸ್ಟಾಪು ಗೊತ್ತಿಲ್ಲ, ನಿಮಗೂ ಗೊತ್ತಿಲ್ಲವೇ? ಕಿಸೆಗಳ್ಳರಿದ್ದಾರೆ ಎಚ್ಚರಿಕೆ ಎಂದು ಬರೆಸುವ ಪೊಲೀಸರು ಕೂಡ ಕೆಳಗೆ ಠಾಣೆಯ ಫೋನ್ ನಂಬರ್ ಬರೆಸುತ್ತಾರೆ. ನಾಯಿ ಕಚ್ಚಿದರೆ ಎಲ್ಲಿಗೆ ಹೋಗಬೇಕೆಂದು ನಿಮ್ಮದೇ ಇಲಾಖೆ ನನ್ನಿಂದಲೇ ಬರೆಸಿದೆ. ಹಾಗಾದರೆ ಈ ರೋಗಕ್ಕೆ ಮಾತ್ರ ಏಕೆ ಬಾಯಿ ಕಟ್ಟಿತು? ಹೆದರಿಸಿ ನಡುದಾರಿಯಲ್ಲಿ ಕೈಬಿಡುವುದಕ್ಕೆ ಜಾಗೃತಿ ಎಂಬ ಹೆಸರೇ?

ಕೊನೆಗೆ ಪರಮೇಶನನ್ನು ಸರ್ಕಾರಿ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಚೀಟಿ ಮಾಡಿಸುವ ಕಿಟಕಿಗೆ ಬಗ್ಗಿ ಅವನು ದನಿ ತಗ್ಗಿಸಿ ಕೇಳಿದ. ಒಳಗಿದ್ದವರು ದನಿ ತಗ್ಗಿಸಲಿಲ್ಲ. "ಏಡ್ಸ್ ಟೆಸ್ಟ್ ಏನು? ಹಿಂದಿನ ಬಾಗಲಕ್ಕ ಹೋಗ್ರಿ" ಎಂದು ಕೂಗಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೂಸನ್ನು ಎತ್ತಿಕೊಂಡಿದ್ದ ಒಬ್ಬಾಕೆ ಸರಿದು ನಿಂತಳು. ಹಿಂದಿನ ಬಾಗಿಲು ಯಾವ ಕಡೆ ಎಂದು ನಾನು ಕೇಳಿ ತಿರುಗುವಷ್ಟರಲ್ಲಿ ಪರಮೇಶ ಇರಲಿಲ್ಲ.

ನನ್ನ ಮನಸ್ಸು ನೇರವಾಗಿ ರೈಲಿನ ಹಳಿಯ ಕಡೆ ಓಡಿತು. ರಿಕ್ಷಾ ಹಿಡಿದು ಸ್ಟೇಷನ್ನಿಗೆ ಹೊರಟೆ. ದಾರಿಯಲ್ಲಿ ನಮ್ಮ ಗೋಡೆಯ ಮುಂದೆ ಅವನು ನಿಂತಿರುವುದು ಕಂಡಿತು. ಬಸ್ಸು ಬಂದು ಹೋದರೂ ಹತ್ತದೆ, ಗೋಡೆಯತ್ತ ಮುಖ ಮಾಡಿ ನಿಂತಿದ್ದ. ನಾನು ಹತ್ತಿರ ಹೋದಾಗ 'ಸಾವು ಖಚಿತ' ಎಂಬ ಕೊನೆಯ ಸಾಲಿಗೆ ಬೆರಳು ಮಾಡಿದ. "ಇದು ಖರೇ ಇದ್ರ ಟೆಸ್ಟ್ ಯಾಕ ಬೇಕು ಕಾಕಾ? ಸುಳ್ಳ ಇದ್ರ ನೀವ್ಯಾಕ ಬರದ್ರಿ?"

ನನ್ನ ಜಾಗದಲ್ಲಿ ನೀವಿದ್ದರೆ ಏನು ಹೇಳುತ್ತಿದ್ದಿರಿ? ಒಕ್ಕಣೆ ಮೇಲಿನಿಂದ ಬಂದದ್ದು ಎನ್ನುತ್ತಿದ್ದಿರೇ? ಬರೆದದ್ದರಲ್ಲಿ ಖರೆ ಎಷ್ಟೆಂದು ನನಗೂ ಗೊತ್ತಿಲ್ಲ, ಗೊತ್ತಿದ್ದವರನ್ನು ಕೇಳೋಣ ನಡಿ ಎಂದು ರಿಕ್ಷಾ ಹತ್ತಿಸಿದೆ. ಆಸ್ಪತ್ರೆ ಬರುವ ತನಕ ಅವನ ಕೈ ಬಿಡಲಿಲ್ಲ.

ಹಿಂದಿನ ಬಾಗಿಲಿನಿಂದ ಒಳಗೆ ಹೋದರೆ, ಖಾಲಿ ರಟ್ಟಿನ ಡಬ್ಬಗಳ ಆಚೆ ಕೊನೆಯ ಕೋಣೆ. ಅಲ್ಲಿ ಸಲಹೆ ಕೊಡಲು ಕೂತಿದ್ದ ಅಕ್ಕಾವರು ಒಳ್ಳೆಯವರು, ಬಾಗಿಲು ಮುಚ್ಚಿ ಮಾತಾಡಿದರು. ಜ್ವರ, ಭೇದಿ ನೂರು ಕಾರಣಕ್ಕೆ ಬರುತ್ತವೆ, ಲಕ್ಷಣ ನೋಡಿ ಈ ರೋಗ ಇದೆ ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು, ರಕ್ತವೇ ಹೇಳಬೇಕು ಎಂದರು. ರಕ್ತ ಕೊಟ್ಟು ಕೆಲವು ದಿನ ಬಿಟ್ಟು ಹೋದಾಗ ರೋಗ ಇಲ್ಲ ಎಂದು ಬಂದಿತ್ತು. ಆದರೆ ಅದು ಕೊನೆಯ ಮಾತಲ್ಲವಂತೆ. ಇಷ್ಟು ಬೇಗ ನೋಡಿದರೆ ರಕ್ತದಲ್ಲಿ ಕಾಣದೆಯೂ ಇರಬಹುದು, ಲಾಡ್ಜಿನ ಆ ದಿನದಿಂದ ಮೂರು ತಿಂಗಳು ತುಂಬಿದ ಮೇಲೆ ಮತ್ತೆ ಮಾಡಿಸಬೇಕು, ಅಲ್ಲಿಯ ತನಕ ಯಾರಿಗೂ ಅಪಾಯ ತರಬಾರದು ಎಂದು ಬಿಡಿಸಿ ಹೇಳಿದರು. ಅವನ ಮದುವೆ ಅದಕ್ಕಿಂತ ಮುಂಚೆಯೇ ಇತ್ತು.

ಈ ಮೂರು ತಿಂಗಳ ಮಾತು ನಿಮ್ಮ ಗೋಡೆಯ ಮೇಲೆ ಎಲ್ಲಿದೆ, ಮಾನ್ಯರೇ? ಜ್ವರ ಇಳಿಯಿತು, ಇನ್ನೇನು ಭಯವಿಲ್ಲ ಎಂದುಕೊಂಡು ಬಾಸಿಂಗ ಕಟ್ಟಿಕೊಂಡು ಹೋದವರು ಎಷ್ಟು ಜನ? ಪರಮೇಶ ಹಾಗೆ ಮಾಡಲಿಲ್ಲ. ಅವ್ವನ ಮುಂದೆ ಕಾಮಾಲೆ ಎಂದು ಹೇಳಿ ಮದುವೆ ಮುಂದೆ ಹಾಕಿಸಿದ. ಕಾಮಾಲೆಗೆ ನಮ್ಮಲ್ಲಿ ಮರ್ಯಾದೆ ಇದೆ, ಅದರ ಹೆಸರು ಕೇಳಿ ಯಾರೂ ಸರಿದು ನಿಲ್ಲುವುದಿಲ್ಲ. ಆ ತಾಯಿ ವಾರಗಟ್ಟಲೆ ಎಣ್ಣೆಯಿಲ್ಲದ ಸಪ್ಪೆ ಅಡುಗೆ ಮಾಡಿ ಹಾಕಿದಳು, ಮಗ ತಲೆ ತಗ್ಗಿಸಿ ಉಂಡ.

ಎರಡನೆಯ ಪರೀಕ್ಷೆಯ ಫಲ ತಿಳಿಯುವ ದಿನ ನಾನು ಆ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ಪರಮೇಶ ಹೊರಗೆ ಬಂದ. "ಇಲ್ಲಂತ ಕಾಕಾ" ಎಂದು ಅತ್ತುಬಿಟ್ಟ. ನಾನು ಅವನನ್ನು ತಬ್ಬಿಕೊಂಡು, ಅಲ್ಲಾಹನನ್ನು ನೆನೆದು, "ಬದುಕಿದಿ ಬಿಡೋ ತಮ್ಮಾ" ಎಂದೆ.

ಪಕ್ಕದವಳು ಸಿಟ್ಟಿಲ್ಲದೆ ಕೇಳಿದಳು: "ಅಂವಾ ಬದುಕಿದ ಅಂದ್ರಿ. ಹಂಗಾರ ನಾ ಏನ್ರಿ?"

ಅವಳ ಹೆಸರು ಫಕೀರವ್ವ. ಗಂಡನಿಂದ ಬಂದ ರೋಗ, ಗಂಡ ತೀರಿಕೊಂಡಿದ್ದಾನೆ. ತನಗೂ ಇದೆ ಎಂದು ಗೊತ್ತಾಗಿ ನಾಲ್ಕು ವರ್ಷವಾಯಿತಂತೆ. ದುಡಿಯುತ್ತಾಳೆ, ಮಗಳನ್ನು ಸಾಲೆಗೆ ಕಳಿಸುತ್ತಾಳೆ. ತಾಯಿ ಮಗಳು ಬಸ್ಸು ಹತ್ತುತ್ತಿದ್ದದ್ದು ನಮ್ಮ ಗೋಡೆಯ ಮುಂದೆಯೇ. ಈ ವರ್ಷ ಮಗಳು ಓದಲು ಕಲಿತಳು. ಅಂದಿನಿಂದ ಇಬ್ಬರೂ ಬಿಸಿಲಿನಲ್ಲಿ ಮುಂದಿನ ಸ್ಟಾಪಿನ ತನಕ ನಡೆದು ಹೋಗುತ್ತಿದ್ದರಂತೆ. ಇದನ್ನು ಬರೆಯಲೇ, ಹೆಸರು ಬೇರೆ ಹಾಕಲೇ ಎಂದು ಕೇಳಿದೆ. ನಕ್ಕಳು. "ನನ್ನ ಹೆಸರನ್ನ ಹಾಕ್ರಿ. ಹುಬ್ಬಳ್ಳ್ಯಾಗ ಎಷ್ಟ ಮಂದಿ ಫಕೀರವ್ವ ಅದಾರ, ಹುಡುಕಲಿ."

ಮರುದಿನ ಹಾಡಹಗಲೇ ಏಣಿ ಹಾಕಿ ಆ ಕೊನೆಯ ಸಾಲಿನ ಮೇಲೆ ಬಿಳಿ ಬಣ್ಣ ಬಳಿದೆ. ಅದರ ಮೇಲೆ ಬರೆದದ್ದು ಇಷ್ಟು: 'ಲಕ್ಷಣ ನೋಡಿ ತೀರ್ಮಾನ ಮಾಡಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ಮಾಡಿಸಿ. ಸರ್ಕಾರಿ ಆಸ್ಪತ್ರೆ, ಹಿಂದಿನ ಬಾಗಿಲು, ಕೊನೆಯ ಕೋಣೆ. ಈ ರೋಗ ಇದ್ದವರು ನಮ್ಮ ನಡುವೆ ಬದುಕುತ್ತಿದ್ದಾರೆ.' ನಿಮ್ಮ ನೋಟಿಸು ಇದನ್ನು ಸರ್ಕಾರಿ ಆಸ್ತಿಗೆ ಹಾನಿ ಎಂದು ಕರೆದಿದೆ. ಬುರುಡೆಯನ್ನು ಮುಟ್ಟಿಲ್ಲ, ಅದರ ಹಲ್ಲಿನ ಮೇಲೆ ನಿಮಗಿರುವ ಪ್ರೀತಿ ನನಗೆ ಗೊತ್ತು.

ದಂಡ ಹಾಕುವುದಿದ್ದರೆ ಹಾಕಿ. ಆದರೆ ಈ ಸಾಲುಗಳನ್ನು ಅಳಿಸಬೇಡಿ. ಅವಳಿ ನಗರದ ಉಳಿದ ಗೋಡೆಗಳ ಮೇಲೂ ಬರೆಸಿ, ಅಕ್ಷರ ನಾನು ಪುಕ್ಕಟೆ ಬರೆದುಕೊಡುತ್ತೇನೆ. ಕಿಟಕಿಯಲ್ಲಿ ಕೂತವರಿಗೆ ದನಿ ತಗ್ಗಿಸಲು ಹೇಳಿ. ಅಳಿಸಲೇಬೇಕು ಎಂದು ಮೇಲಿನಿಂದ ಅಪ್ಪಣೆ ಬಂದರೆ ಬೇರೆ ಪೇಂಟರನನ್ನು ಕಳಿಸಬೇಡಿ, ಬೆಳಿಗ್ಗೆ ಸಾಲೆಯ ಹೊತ್ತಿಗೆ ನೀವೇ ಬ್ರಷ್ಷು ಹಿಡಿದು ಬನ್ನಿ. ಫಕೀರವ್ವ ಮತ್ತು ಅವಳ ಮಗಳು ಈಗ ಮತ್ತೆ ಅದೇ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಾರೆ. ಆ ಹುಡುಗಿ ಓದುತ್ತಿರುವಾಗಲೇ ಅಳಿಸಿ.

ಇಂತಿ,
ನಿಮ್ಮ ಗೋಡೆಯ ಮೇಲೆ ವಿಳಾಸವಿದ್ದ ಒಬ್ಬನೇ ಮನುಷ್ಯ,
ಕಮರುದ್ದೀನ, ಪೇಂಟರ್
ದುರ್ಗದಬೈಲ್, ಹುಬ್ಬಳ್ಳಿ
ಆಗಸ್ಟ್ ೨೦೦೨