ಎಡಗಾಲಿನ ಹಿಮ್ಮಡಿ

ಕತ್ತರಿ ರಾಣಿ,

ನೀನು ಬಿಟ್ಟುಹೋಗುವಾಗ ನನಗೆ ಉಳಿಸಿದ್ದು ನಾನೇ ನಿನಗಿಟ್ಟ ಈ ಅಡ್ಡಹೆಸರೊಂದನ್ನೇ.

ಇವತ್ತು ಮೂಳೆ ಡಾಕ್ಟರ ಹತ್ತಿರ ಹೋಗಿದ್ದೆ. ನನ್ನ ಹಿಮ್ಮಡಿ ನೋವು ನಿನಗೆ ಗೊತ್ತು. ನನ್ನ ಪಾರ್ಲರಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ನಿಂತು ಕೂದಲು ಕತ್ತರಿಸುತ್ತಿದ್ದಾಗಲೇ ಶುರುವಾದದ್ದು. ಮೆತ್ತನೆಯ ಚಪ್ಪಲಿ, ವ್ಯಾಯಾಮ, ಇಂಜೆಕ್ಷನ್ನು, ಯಾವುದಕ್ಕೂ ಅದು ಜಗ್ಗಲಿಲ್ಲ.

"ಆಪರೇಷನ್ ಮಾಡಬಹುದಮ್ಮಾ. ಆದ್ರೆ ನೋವು ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ. ಕೆಲವು ವಾರ ಕಾಲು ಊರೋ ಹಾಗಿಲ್ಲ. ಅಂಗಡಿ ನೋಡ್ಕೊಳ್ಳೋಕೆ ಯಾರಿದ್ದಾರೆ?" ಎಂದರು.

"ಒಬ್ಬಳಿದ್ದಳು. ಗಿರಾಕಿಗಳನ್ನ ಕಟ್ಕೊಂಡು ಪಕ್ಕದ ಬೀದಿಗೆ ಹೋದ್ಳು" ಎಂದೆ. ಡಾಕ್ಟರು ನಗಲಿಲ್ಲ. ಯೋಚನೆ ಮಾಡಿ ಹೇಳಿ ಎಂದು ಕಳಿಸಿದರು.

ಬರುವಾಗ ನೋವು ತಡೆಯಲಾಗದೆ ನಿಂತೆ. ನಿಂತದ್ದು ನಿನ್ನ ಪಾರ್ಲರಿನ ಎದುರು, ಬೇಕೆಂದು ನಿಂತದ್ದಲ್ಲ. ಗಾಜಿನಾಚೆ ನೀನು ಯಾರದೋ ಕೂದಲು ಕತ್ತರಿಸುತ್ತಿದ್ದೆ, ಎಡ ಹಿಮ್ಮಡಿಯನ್ನು ನೆಲಕ್ಕೆ ತಾಗಿಸದೆ, ಮಧ್ಯೆ ಮಧ್ಯೆ ಕುರ್ಚಿಯ ಬೆನ್ನು ಹಿಡಿದುಕೊಳ್ಳುತ್ತ.

ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. "ಹೀಗೆ ಹಲ್ಲು ಕಚ್ಚಿ ನಿಲ್ಲಬೇಡ ಕಣೇ, ಬೇಗ ತೋರಿಸ್ಕೋ" ಎನ್ನಲು ಬಾಗಿಲಿಗೆ ಕೈಯಿಟ್ಟೆ. ಅಷ್ಟರಲ್ಲಿ ನೀನು ಗಿರಾಕಿಯ ಮಾತಿಗೆ ನಕ್ಕೆ, ನನ್ನ ಜೊತೆ ನಗುತ್ತಿದ್ದ ಹಾಗೆಯೇ. ಕೈ ತೆಗೆದೆ.

ಮನೆಗೆ ಬಂದವಳೇ ಆಸ್ಪತ್ರೆಗೆ ಫೋನ್ ಮಾಡಿ, ಆಪರೇಷನ್‌ಗೆ ದಿನ ಗೊತ್ತು ಮಾಡಿ ಎಂದೆ. ಅಂಗಡಿಗೆ ಬೀಗ ಹಾಕುತ್ತೇನೆ. ಉಳಿದಿರುವ ನನ್ನ ಗಿರಾಕಿಗಳೂ ಇನ್ನು ನಿನ್ನ ಹತ್ತಿರವೇ ಬರುತ್ತಾರೆ, ಕತ್ತರಿಸು. ಒಂದು ಸ್ಟೂಲ್ ತರಿಸಿಕೊಂಡು, ಕೂತು ಕತ್ತರಿಸು.