ಆಲನ್‌ನ ಮಗಳ ಪ್ರಶ್ನೆ

ರಾಣೆಬೆನ್ನೂರು, ಗುರುವಾರ, 13 ಫೆಬ್ರವರಿ 2025

ಮಧ್ಯಾಹ್ನ ಲಂಡನ್ನಿನಿಂದ ಹಳೆಯ ಗೆಳೆಯ ಆಲನ್‌ನ ಮಗಳ ಫೋನು. ಅವನು ಹೋದ ತಿಂಗಳು ತೀರಿಕೊಂಡನಂತೆ. "ದಕ್ಷಿಣ ಆಫ್ರಿಕಕ್ಕೆ ಹೊರಟಾಗ ಅಪ್ಪ ಹೆದರಿದ್ದರಾ?" ಎಂದು ಕೇಳಿದಳು. ಇಲ್ಲ ಎಂದುಬಿಟ್ಟೆ.

ಹೆದರಿದ್ದ. ಎಪ್ಪತ್ತರ ದಶಕದಲ್ಲಿ ಲಂಡನ್ನಿನಲ್ಲಿ ಇಬ್ಬರೂ ಓದುತ್ತ ಕಮ್ಯುನಿಸ್ಟ್ ಪಕ್ಷದ ಕೆಲಸ ಮಾಡುತ್ತಿದ್ದೆವು. ವರ್ಣಭೇದದ ವಿರುದ್ಧದ ಕರಪತ್ರಗಳನ್ನು ಕದ್ದುಮುಚ್ಚಿ ದಕ್ಷಿಣ ಆಫ್ರಿಕಕ್ಕೆ ಸಾಗಿಸಬೇಕಿತ್ತು. ಭಾರತದವನಾದ ನನಗೆ ಆ ದೇಶಕ್ಕೆ ಪ್ರವೇಶವಿರಲಿಲ್ಲ. ಬಿಳಿಯನಾದ ಅವನನ್ನು ಒತ್ತಾಯಿಸಿ ಒಪ್ಪಿಸಿದವನು ನಾನು. ಹೊರಡುವ ದಿನ, ಬೇರೆ ಯಾರನ್ನಾದರೂ ಕಳಿಸಲಾಗದೇ ಎಂದು ಎರಡು ಸಲ ಕೇಳಿದ. ನಾನು ಭಾಷಣ ಬಿಗಿದೆ. ಅವನು ಅಲ್ಲಿ ಸಿಕ್ಕಿಬಿದ್ದು ಆರು ವರ್ಷ ಜೈಲಿನಲ್ಲಿದ್ದ. ನಾನು ಡಾಕ್ಟರೇಟ್ ಹಿಡಿದು ಬಂದು ಇಲ್ಲಿ ಕಾಲೇಜು ಸೇರಿದೆ. ಹಾವೇರಿ, ಬ್ಯಾಡಗಿ ಸುತ್ತಿ ಅದೇ ವರ್ಣಭೇದದ ಮೇಲೆ ಮಾತಾಡಿ ಹಾರ ಹಾಕಿಸಿಕೊಂಡೆ.

ಹೆಂಡತಿ ರೋಹಿಣಿಗೆ ಎಲ್ಲ ಹೇಳಿದೆ. "ಆ ಹುಡುಗಿಗೆ ಖರೇ ಹೇಳಬೇಕಿತ್ರಿ," ಎಂದಳು. "ಅಂಜಿಕೊಂಡೂ ಹೋದಾಂವ ಸಣ್ಣಾಂವ ಏನ್ರಿ?"

ಸಂಜೆ ನಾನೇ ಫೋನ್ ಮಾಡಿದೆ. ಹೆದರಿದ್ದ ಎಂದೆ. ಕಳಿಸಿದವನು ನಾನೇ ಎಂದೂ ಹೇಳಿದೆ.

"'ಯಾರೂ ಕಳಿಸಲಿಲ್ಲ, ನಾನಾಗೇ ಹೋದೆ' ಅಂತಿದ್ದರು ಅಪ್ಪ," ಎಂದಳು ಅವಳು.

ಕೊನೆಯವರೆಗೂ ಹಾಗೇ ಹೇಳಿದನೇ? ಹೆಂಡತಿ ಮಕ್ಕಳಿಗೂ? ನಾನು ಒಂದು ಸಲವಾದರೂ ಅವನಿಗೆ 'ತಪ್ಪು ನನ್ನದು' ಎಂದು ಬರೆದಿದ್ದರೆ…